ಗಂಡಸರ ಸೆಂಟು, ಲಾವಂಚದ ಬೇರು

ಬೇಸಿಗೆ ಬಂತು ಅಂದ್ರೆ ಗಂಡಸರ ಸೆಂಟಿನ ಜಾಹೀರಾತುಗಳಿಗೆ ಎರಡೇ ಮಾತು: ಹಸಿರು, ಮರ. ಜೊತೆಗೆ ಹಚ್ಚಿಕೊಳ್ಳುವವನ ಗುಣಗಾನ. ಆತ ಆತ್ಮವಿಶ್ವಾಸಿ, ಯಾರ ಹಂಗಿಗೂ ಸಿಗದವನು, ಕಾಡಿನಷ್ಟು ಗಂಭೀರ, ಆದ್ರೂ ತಂಗಾಳಿಯಂಥವನು. ಓದ್ತಾ ಹೋದರೆ ಭಾನುವಾರದ ಪೇಪರಿನ ವಧು-ವರರ ಕಾಲಂ ನೆನಪಾಗತ್ತೆ. ಸೆಂಟಿನ ವಾಸನೆ ಹೇಗಿದೆ ಅನ್ನೋದೊಂದು ಮಾತ್ರ ಅದರಲ್ಲಿ ಇರೋಲ್ಲ.

ಹಾಗಾಗಿ ವಾಸನೆಯಿಂದಲೇ ಶುರು ಮಾಡೋಣ. ಈ ಜಾತಿಯ ಸೆಂಟುಗಳಿಗೆಲ್ಲ ಹಿರಿಯಣ್ಣ ಅನ್ನಬಹುದಾದದ್ದು ಗೆರ್ಲಾಂ ಕಂಪನಿಯ 'ವೆಟಿವೆರ್'. 1828ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾದ ಮನೆತನದ ಅಂಗಡಿ ಅದು. ನಾಲ್ಕನೇ ತಲೆಮಾರಿನ ಜಾನ್-ಪಾಲ್ ಗೆರ್ಲಾಂ 1959ರಲ್ಲಿ, ಇನ್ನೂ ಇಪ್ಪತ್ತೆರಡರ ಆಸುಪಾಸಿನ ಹುಡುಗನಾಗಿದ್ದಾಗ ಇದನ್ನು ಮಾಡಿದ. ವೆಟಿವೆರ್ ಅನ್ನೋದು ತಮಿಳಿನ ವೆಟ್ಟಿವೇರ್. ನಮ್ಮ ಲಾವಂಚ, ಉತ್ತರದವರ ಖಸ್.

ಸಿಂಪಡಿಸಿದ ಕೂಡಲೇ ಬರೋದು ನಿಂಬೆ ಮತ್ತು ನಿಂಬೆಯ ದಾಯಾದಿ ಬರ್ಗಮಾಟ್. ಚುರುಕಾಗಿದೆ, ಸ್ವಲ್ಪ ಕಹಿಯೂ ಇದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಬಸ್ ಸ್ಟಾಪ್ ತಲುಪೋದ್ರೊಳಗೆ ಅದು ಖಾಲಿ. ಇದನ್ನು ಮೋಸ ಅಂತ ಬೈಯೋರಿದ್ದಾರೆ, ಆದರೆ ಇದು ಬರೀ ರಸಾಯನಶಾಸ್ತ್ರ. ನಿಂಬೆಯ ಲಿಮೊನೀನ್‌ನಲ್ಲಿ ಹತ್ತು ಕಾರ್ಬನ್ ಪರಮಾಣು, ಹಗುರ, ಮೈ ಬಿಸಿಗೆ ಹಾರಿಹೋಗತ್ತೆ. ಲಾವಂಚದ ಎಣ್ಣೆಯಲ್ಲಿರೋ ಮುಖ್ಯ ಕಣಗಳಲ್ಲಿ ಹದಿನೈದು. ಅವು ಕೂತಲ್ಲಿಂದ ಸುಲಭಕ್ಕೆ ಏಳೋಲ್ಲ. ನಿಂಬೆ ಹೋದ ಮೇಲೆ ಜಾಯಿಕಾಯಿ ಬರತ್ತೆ, ಅದರ ಬೆನ್ನಿಗೇ ಹೊಗೆಸೊಪ್ಪು. ನನ್ನ ಪ್ರಕಾರ ಇಡೀ ಸೆಂಟನ್ನು ಕಾಪಾಡಿರೋದು ಈ ಹೊಗೆಸೊಪ್ಪೇ. ಒಣಗಿದ ಎಲೆಯ ಆ ತೆಳು ಸಿಹಿ ಇಲ್ಲದಿದ್ದರೆ ಇದು ಒಳ್ಳೇ ಸೋಪಾಗಿ ನಿಂತುಬಿಡ್ತಿತ್ತು. ಆಮೇಲೆ ಬೇರು. ಒದ್ದೆ ಮಣ್ಣು, ಒಣ ಹುಲ್ಲು, ಎಲ್ಲೋ ಒಂದೆಳೆ ಹೊಗೆ. ಇಷ್ಟನ್ನೂ ಒಂದರ ಕಾಲು ಇನ್ನೊಂದು ತುಳಿಯದ ಹಾಗೆ ಕೂರಿಸಿರೋದು ದೊಡ್ಡ ಕೆಲಸ.

ಈಗಿನ ಅಗ್ಗದ 'ಹಸಿರು'ಗಳಲ್ಲಿ ನನಗೆ ಹೆಚ್ಚಾಗಿ ಸಿಗೋದು ಆಗಷ್ಟೇ ಕೊಯ್ದ ಹುಲ್ಲಿನ ವಾಸನೆ. ಹೆಕ್ಸೆನಾಲ್ ಅನ್ನೋ ರಾಸಾಯನಿಕ ಅದು, ಎಲೆಗೆ ಗಾಯವಾದಾಗ ಹೊರಬರತ್ತೆ. ಅದರ ಕೆಳಗೆ ಮರ ಅಂತ ಹೆಸರು ಹೊತ್ತ ಶೇವಿಂಗ್ ಕ್ರೀಮ್ ಬಿಟ್ಟು ಬೇರೇನೂ ಇರೋಲ್ಲ. ಅವುಗಳ ಬಗ್ಗೆ ಇಷ್ಟು ಸಾಕು.

ಇನ್ನು ಆ 'ವ್ಯಕ್ತಿತ್ವ'ಕ್ಕೆ ಬರೋಣ. ಲಾವಂಚ ಗಂಡಸರ ವಾಸನೆ ಅಂತ ತೀರ್ಮಾನ ಮಾಡಿದ್ದು ಯಾರು? ನಮ್ಮ ಕಡೆ ಅದು ಅಜ್ಜಿಯ ಟ್ರಂಕಿನಲ್ಲಿ ರೇಷ್ಮೆ ಸೀರೆ ಮಡಿಕೆಗಳ ನಡುವೆ ಇರ್ತಿತ್ತು, ಬೇಸಿಗೆಯಲ್ಲಿ ಕುಡಿಯೋ ನೀರಿನ ಮಡಕೆಯಲ್ಲೂ ಇರ್ತಿತ್ತು. ಆ ನೀರು ಕುಡಿದು ಯಾರೂ ನಿಗೂಢ ಪುರುಷರಾಗಲಿಲ್ಲ. ಗೆರ್ಲಾಂನವರೂ ಮುಂದೆ ಇದನ್ನೇ ಹೆಂಗಸರಿಗೆ ಅಂತ ಬೇರೆ ಹೆಸರಲ್ಲಿ ಮಾಡಿ ಮಾರಿದರು. ಬೇರು ಒಂದೇ, ಡಬ್ಬಿ ಎರಡು.

ಜಾನ್-ಪಾಲ್‌ಗೆ ಈ ಸೆಂಟಿನ ಕಲ್ಪನೆ ಬಂದದ್ದು ಒಬ್ಬ ತೋಟದ ಮಾಲಿಯಿಂದ ಅಂತ ಒಂದು ಕಥೆ ಇದೆ. ಅವನ ಮೈಯ ಮಣ್ಣು, ಅವನು ಸೇದೋ ತಂಬಾಕು. ಕಥೆ ನಿಜವೋ ಕಟ್ಟಿದ್ದೋ, ಮೂಸಿದರೆ ನಂಬಿಕೆ ಬರತ್ತೆ. ನನಗೆ ಕಿರಿಕಿರಿಯಾಗೋದು ಇಲ್ಲೇ. ಹೊಲದಿಂದ ಬಂದ ನಮ್ಮಪ್ಪನ ಅಂಗಿಯಲ್ಲಿ ಇದ್ದದ್ದೂ ಇವೆರಡೇ, ಮಣ್ಣು ಮತ್ತು ಹೊಗೆಸೊಪ್ಪು. ತಾಲ್ಲೂಕು ಆಫೀಸಿಗೆ ಹೋಗೋ ದಿನ ಅಪ್ಪ ಕೆಂಪು ಸೋಪು ಹಚ್ಚಿ ಕುತ್ತಿಗೆ ತಿಕ್ಕಿ ತಿಕ್ಕಿ ಆ ವಾಸನೆ ತೆಗೀತಿದ್ದ. ಮೇಜಿನ ಆಚೆ ಕೂತವರು ಮೂಗು ಸಿಂಡರಿಸಬಾರದಲ್ಲ. ಅದೇ ವಾಸನೆಗೆ ನಿಂಬೆ ಸೇರಿಸಿ ಗಾಜಿನ ಬಾಟಲಿಗೆ ತುಂಬಿದ ಮೇಲೆ ಅದು ಮೇಜಿನ ಆಚೆ ಕೂತವನ ವ್ಯಕ್ತಿತ್ವ ಆಗಿಬಿಡತ್ತೆ.

ಇದು ಬರೀ ನನ್ನ ಹಳ್ಳಿಯ ಹೊಟ್ಟೆಯುರಿ ಅಂತೀರಾ? ಇನ್ನೊಂದು ಸಂಗತಿ ಕೇಳಿ. ಜಗತ್ತಿನಲ್ಲಿ ಅತಿ ಹೆಚ್ಚು ಲಾವಂಚದ ಎಣ್ಣೆ ಬರೋದು ಹೈಟಿಯಿಂದ. ಬೇರು ನೇರ ಕೆಳಕ್ಕೆ ಮೀಟರುಗಟ್ಟಲೆ ಇಳಿದಿರತ್ತೆ, ಗಿಡವನ್ನೇ ಅಗೆದು ತೆಗೀಬೇಕು, ಆಮೇಲೆ ಗಂಟೆಗಟ್ಟಲೆ ಹಬೆ ಹಾಯಿಸಬೇಕು. ಅಗೆಯೋರು ಅಲ್ಲಿನ ಬಡ ಕಪ್ಪು ರೈತರು. 2010ರಲ್ಲಿ ಇದೇ ಜಾನ್-ಪಾಲ್ ಗೆರ್ಲಾಂ ಫ್ರಾನ್ಸಿನ ಟಿವಿಯಲ್ಲಿ, ತನ್ನ ಇನ್ನೊಂದು ಸೆಂಟಿಗಾಗಿ ಎಷ್ಟು ದುಡಿದೆ ಅಂತ ಹೇಳಿಕೊಳ್ಳುತ್ತಾ, ಕರಿಯರು ನಿಜಕ್ಕೂ ಅಷ್ಟು ದುಡಿದಿದ್ದರೋ ಇಲ್ಲವೋ ಅನ್ನೋ ಅರ್ಥದಲ್ಲಿ, ಅವರನ್ನು ಹೀಯಾಳಿಸೋ ಪದವನ್ನೇ ಬಳಸಿ ಮಾತಾಡಿದ. ಜನ ಬೀದಿಗಿಳಿದರು. 2012ರಲ್ಲಿ ಪ್ಯಾರಿಸ್ ಕೋರ್ಟು ತಪ್ಪಿತಸ್ಥ ಅಂತ ಹೇಳಿ 6000 ಯೂರೋ ದಂಡ ಹಾಕಿತು. ನನ್ನ ಬಾಟಲಿಯ ಬೇರು ಯಾವ ದೇಶದ್ದು ಅಂತ ಲೇಬಲ್ಲು ಹೇಳೋಲ್ಲ. ಹಚ್ಚಿಕೊಳ್ಳುವವನ ಸ್ವಭಾವ ಗೊತ್ತಿರೋ ಕಂಪನಿಗಳಿಗೆ ಅಗೆದವನ ಊರು ಬರೆಯೋಕೆ ಮಾತ್ರ ಜಾಗ ಸಾಲೋಲ್ಲ.

ಹಾಗಂತ ಸೆಂಟನ್ನೇ ಕೆಟ್ಟದ್ದು ಅನ್ನೋಕೆ ನನ್ನ ಮೂಗು ಒಪ್ಪೋಲ್ಲ. ಮಾಡಿದವನ ಬಾಯಿ ಹೊಲಸಾದರೆ ಮಾಡಿದ ವಸ್ತುವಿನ ವಾಸನೆ ಬದಲಾಗೋಲ್ಲ, ಹಾಗೇ ಹಚ್ಚಿಕೊಂಡವನ ಗುಣವನ್ನೂ ಅದು ಬದಲಿಸೋಲ್ಲ. ದುಡ್ಡು ಜಾಸ್ತಿ ಅನ್ನಿಸಿದರೆ ಗ್ರಂಧಿಗೆ ಅಂಗಡಿಯಲ್ಲಿ ಒಂದು ಕಟ್ಟು ಲಾವಂಚ ತಂದು ಬೀರುವಿನಲ್ಲಿಡಿ, ಬೇರಿನ ಭಾಗ ಪೂರ್ತಿ ಸಿಗತ್ತೆ, ಹೊಗೆಸೊಪ್ಪು ಸಿಗೋಲ್ಲ. ಬಾಟಲಿಯೇ ಬೇಕು ಅನ್ನೋರು ಮೈಗಿಂತ ಅಂಗಿಗೆ ಹೊಡೀರಿ, ಎರಡು ಸಲ ಸಾಕು. ಬೆವರಿಗೆ ಅಷ್ಟು ಬೇಗ ಸೋಲೋಲ್ಲ. ಬಿಳಿ ಅಂಗಿಗೆ ಬೇಡ, ಕಲೆ ಉಳಿಯಬಹುದು.