ಸಾಕ್ಷಿಯಿಲ್ಲದ ಆರೋಹಣ

ಪರ್ವತಾರೋಹಣದ ಕಥನಗಳಲ್ಲಿ ಜೊತೆಗಾರರಿಲ್ಲದೆ ಹೋದವನ ಕಥನವೇ ಬೇರೆ ಜಾತಿಯದು. ಹತ್ತಿದವನೂ ಅವನೇ, ಕಂಡವನೂ ಅವನೇ, ಬರೆದವನೂ ಅವನೇ. ಸುಳ್ಳೆನ್ನಲು ಮತ್ತೊಬ್ಬರಿಲ್ಲ, ನಿಜವೆನ್ನಲೂ ಇಲ್ಲ. ಇಂಥ ಗದ್ಯವನ್ನು ಓದುಗನು ಯಾವ ಆಧಾರದಿಂದ ನಂಬಬೇಕು? ಇಂಗ್ಲಿಷಿನ ಎರಡು ಹಳೆಯ ಬರೆಹಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಕೊಂಚ ವಿಚಾರಿಸಬಯಸುತ್ತೇವೆ.

ಮೊದಲನೆಯದು ಜಾನ್ ಟಿಂಡಲ್‌ನದು. ಸೂಕ್ಷ್ಮ ಕಣಗಳಿಂದ ಬೆಳಕು ಚದರುವುದನ್ನು ಪ್ರಯೋಗದಿಂದ ತೋರಿಸಿದ ವಿಜ್ಞಾನಿಯೆಂದು ಮೇಲಿನ ತರಗತಿಗಳ ವಿದ್ಯಾರ್ಥಿಗಳು ಆ ಹೆಸರನ್ನು ಬಲ್ಲರು. 1858ರ ಆಗಸ್ಟಿನಲ್ಲಿ ಆತನು ಸುಮಾರು 15,200 ಅಡಿ ಎತ್ತರದ ಮಾಂಟೆ ರೋಸಾ ಶಿಖರವನ್ನು ಮೊದಲು ಮಾರ್ಗದರ್ಶಿಯೊಡನೆ, ಕೆಲವು ದಿನಗಳ ಅನಂತರ ಒಬ್ಬನೇ ಏರಿದನು. ಒಂದಿಷ್ಟು ಚಹಾ, ಒಂದು ತುಂಡು ಮಾಂಸದ ರೊಟ್ಟಿ, ಇವೇ ಬುತ್ತಿ. 1860ರಲ್ಲಿ ಅಚ್ಚಾದ ಆತನ ಹಿಮನದಿಗಳ ಗ್ರಂಥದಲ್ಲಿ ಈ ಪ್ರಸಂಗವಿದೆ. ನೆತ್ತಿಯ ಬಂಡೆಯ ಮೇಲೆ ನಿಂತಾಗ ಹಿಮಗೊಡಲಿ ಕೈತಪ್ಪಿ ಕೆಳಕ್ಕೆ ಜಾರಿತಂತೆ. ಅದಿಲ್ಲದೆ ಇಳಿಯುವುದು ಅಸಾಧ್ಯವೆಂದು ಹೊಳೆದು ಮೈ ನಡುಗಿತಂತೆ. ಮರಳಿ ಕೈಗೆ ಬಂದಾಗ ಅದು ಜೀವವುಳ್ಳ ಪ್ರಾಣಿಯೋ ಎಂಬಂತೆ ಅದರ ಮೇಲೆ ಮಮತೆ ಉಕ್ಕಿತಂತೆ. ಶಿಖರದ ವೈಭವವನ್ನು ಯಾರೂ ಮನೆಯಲ್ಲಿ ಕುಳಿತು ಕಲ್ಪಿಸಬಹುದು. ಕೊಡಲಿ ಜಾರಿದ್ದನ್ನು, ಅದೂ ತನ್ನ ಅಜಾಗರೂಕತೆಯನ್ನು ತಾನೇ ಬಯಲು ಮಾಡುವಂಥದನ್ನು, ಕಲ್ಪಿಸಿ ಬರೆಯಲು ಯಾರಿಗೆ ಮನಸ್ಸು ಬಂದೀತು? ನಮ್ಮ ಶಾಲೆಗಳ ಪ್ರವಾಸಪ್ರಬಂಧಗಳಲ್ಲಿ 'ರಮಣೀಯ', 'ಅವರ್ಣನೀಯ'ಗಳ ನಡುವೆ ಒಂದು ಕಿತ್ತ ಚಪ್ಪಲಿಯೂ ಕಾಣದಿರುವುದನ್ನು ಇಲ್ಲಿ ನೆನೆಯದಿರಲಾರೆವು.

ಎರಡನೆಯ ಬರೆಹ ಜಾನ್ ಮ್ಯೂರ್‌ನದು. ಕವಿತ್ವದಲ್ಲಿ ಇದೇ ಹೆಚ್ಚಿನದು, ಆದುದರಿಂದಲೇ ತೊಡಕಿನದು. ಕ್ಯಾಲಿಫೋರ್ನಿಯದ ರಿಟರ್ ಪರ್ವತವನ್ನು ಆತನು ಏರಿದ್ದು 1872ರ ಅಕ್ಟೋಬರಿನಲ್ಲಿ, ಚಳಿಗಾಲದ ಹೊಸ ಹಿಮ ಬೀಳುವ ಹೊತ್ತು ಸಮೀಪಿಸಿದ್ದಾಗ. ಜೊತೆಗಿದ್ದ ಚಿತ್ರಕಾರರನ್ನು ಬಿಡಾರದಲ್ಲಿ ಬಿಟ್ಟು, ಕಂಬಳಿಯೂ ಇಲ್ಲದೆ ಒಂದು ರಾತ್ರಿ ಕಳೆದು, ಒಣರೊಟ್ಟಿಯನ್ನು ನಡುವಿಗೆ ಕಟ್ಟಿಕೊಂಡು ಹೊರಟನು. ಹಿಮದ ಇಳಿಜಾರಿನಲ್ಲಿ ಕಲ್ಲುಗಳೂ ಪೈನ್ ಎಲೆಗಳೂ ಬಿಸಿಲಿಗೆ ಕಾದು, ತಾವಿದ್ದೆಡೆ ಹಿಮವನ್ನು ಕರಗಿಸಿ ಕುಳಿಮಾಡಿದ್ದವು. ಆ ಕುಳಿಗಳೇ ಕಾಲಿಗೆ ಮೆಟ್ಟಿಲಾದುವೆಂದು ಬರೆಯುತ್ತಾನೆ. ಇಷ್ಟರವರೆಗೆ ಟಿಂಡಲ್‌ನಷ್ಟೇ ಪ್ರಾಮಾಣಿಕ ಗದ್ಯ.

ಮುಂದೆ ಕಡಿದಾದ ಬಂಡೆ. ಅರ್ಧ ಹತ್ತಿದಮೇಲೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕೈಚಾಚಿ ಬಂಡೆಗಂಟಿ ನಿಂತು ಬೀಳುವುದೇ ನಿಶ್ಚಯವೆಂದುಕೊಂಡನು. ಆಗ ಬೇರೊಂದು ಶಕ್ತಿ ಬಂದು ಮೈಯನ್ನು ವಶಮಾಡಿಕೊಂಡಿತಂತೆ. ಅದು ತನ್ನ ಇನ್ನೊಂದು ಆತ್ಮವೋ, ಹಿಂದಿನ ಅನುಭವವೋ, ಸಹಜಪ್ರವೃತ್ತಿಯೋ, ಕಾಯುವ ದೇವದೂತನೋ ಎಂದು ಹೆಸರಮೇಲೆ ಹೆಸರು ಸೂಚಿಸುತ್ತಾನೆ. ಇದು ದೋಷವೆಂದೇ ನಮ್ಮ ಅಭಿಪ್ರಾಯ. ಕಾಲು ಎಲ್ಲಿತ್ತೆಂದು ಹೇಳುತ್ತ ಬಂದವನು, ನಾವು ಅದನ್ನೇ ಕೇಳಲು ಕಾತರಿಸುವ ಗಳಿಗೆಯಲ್ಲಿ ಹೆಸರುಗಳನ್ನು ಹಂಚತೊಡಗಿದರೆ ಹೇಗೆ? ಆದರೂ ಅಲ್ಲಿಯೇ ಒಂದು ಮಾತಿದೆ: ಬಂಡೆಯ ಒಂದೊಂದು ಬಿರುಕೂ ಸೂಕ್ಷ್ಮದರ್ಶಕದಲ್ಲಿ ನೋಡಿದಂತೆ ಕಾಣತೊಡಗಿತೆಂದು. ಆ ಮಾತೊಂದೇ ಪ್ರಸಂಗವನ್ನು ಉಳಿಸಿದೆ. ಮರಣಭಯ ಕಣ್ಣನ್ನು ಮಂಕುಮಾಡುವುದೆಂದು ಎಲ್ಲರೂ ಬರೆಯುವರು. ಚುರುಕುಮಾಡಿತೆಂದು ಬರೆಯಲು ಅಲ್ಲಿ ನಿಂತೇ ತಿಳಿದಿರಬೇಕು. ಈ ಬರೆಹ ಪತ್ರಿಕೆಯಲ್ಲಿ ಬಂದದ್ದು 1880ರಲ್ಲಿ, ಗ್ರಂಥವಾದದ್ದು 1894ರಲ್ಲಿ. ಹೆಸರುಗಳು ಆ ವರ್ಷಗಳಲ್ಲಿ ಸೇರಿರಬಹುದು. ಬಿರುಕುಗಳು ಬಂಡೆಯ ಮೇಲಿನವೇ ಎಂದು ನಮ್ಮ ಊಹೆ.

ಈ ಪುಟಗಳನ್ನು ಕನ್ನಡಕ್ಕೆ ತರಹೊರಡುವ ಉಪಾಧ್ಯಾಯರಿಗೆ ಒಂದು ಮಾತು. ನಮ್ಮಲ್ಲಿ 'ಮಂಜು' ಎಂದರೆ ಕಾವಳವೂ ಹೌದು, ಹಿಮವೂ ಹೌದು. ನೀಲಗಿರಿಯ ಮಕ್ಕಳು ಚಳಿಗಾಲದ ಬೆಳಗ್ಗೆ ಹುಲ್ಲಿನ ಮೇಲೆ ಹೆಪ್ಪುಗಟ್ಟಿದ ಬಿಳುಪನ್ನಾದರೂ ಕಂಡಿದ್ದಾರೆ. ಉಳಿದ ನಾವು ಹಿಮವನ್ನು ಓದಿದ್ದೇವೆಯೇ ಹೊರತು ತುಳಿದಿಲ್ಲ. ಮ್ಯೂರ್ ತುಳಿದದ್ದು ಬೇಸಗೆಯೆಲ್ಲ ಹಗಲು ಕರಗಿ ಇರುಳು ಹೆಪ್ಪುಗಟ್ಟಿ ಕಲ್ಲಿನಂತಾದ ಹಳೆಯ ಹಿಮ. ಬರಿಯ 'ಹಿಮ'ವೆಂದರೆ ಮಕ್ಕಳು ಹತ್ತಿಯನ್ನು ಕಲ್ಪಿಸಿಕೊಂಡಾರು. ಜಾರುವ ಭಯವೇ ಅವರಿಗೆ ತಟ್ಟದು. ವಾಕ್ಯ ಉದ್ದವಾದರೂ ಚಿಂತೆಯಿಲ್ಲ, ಅದು ಗಟ್ಟಿಯೆಂದು ಬಿಡಿಸಿ ಹೇಳಬೇಕು.