ಬೇಳೆ ಕಟ್ಟು ಎಲ್ಲಿ ಹೋಯ್ತು?

ಯುಗಾದಿ ಬಂತೆಂದರೆ ರೀಲ್ಸ್ ತುಂಬಾ ಚಾಕಲೇಟ್ ಒಬ್ಬಟ್ಟು, ಚೀಸ್ ಒಬ್ಬಟ್ಟು. ‘ಸಂಸ್ಕೃತಿ ಹಾಳಾಯ್ತು’ ಅಂತ ಗೋಳಾಡುವವರ ಸಾಲಿನಲ್ಲಿ ನಾನಿಲ್ಲ. ದೇವರಾಯನದುರ್ಗದ ಬೆಟ್ಟ ಇಳಿದರೆ ಕಾಣೋ ರಾಗಿ ಹೊಲಗಳನ್ನೇ ನೋಡಿ. ರಾಗಿಯ ತವರು ಪೂರ್ವ ಆಫ್ರಿಕಾ. ಟೊಮೇಟೊ, ಕಡ್ಲೆಕಾಯಿ ಅಮೆರಿಕ ಖಂಡದವು. ಮೆಣಸಿನಕಾಯಿಯೂ ಅಲ್ಲಿಯದೇ, 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗು ಹತ್ತಿ ಬಂದದ್ದು. ನಾವು ಅದಕ್ಕೆ ಕಾಳುಮೆಣಸಿನ ಹೆಸರನ್ನೇ ಕೊಟ್ಟು ಒಳಗೆ ಕರೆದುಕೊಂಡೆವು.

ಆದರೆ ಮೆಣಸಿನಕಾಯಿ ಸಾರಿನೊಳಗೆ ಸೇರಿತೇ ಹೊರತು ಸಾರನ್ನು ಓಡಿಸಲಿಲ್ಲ. ನನ್ನ ತಕರಾರು ಇಲ್ಲೇ ಇರೋದು. ಬೇಳೆ ಒಬ್ಬಟ್ಟಿಗೆ ಒಂದು ಲೆಕ್ಕ ಇದೆ: ತೊಗರಿಬೇಳೆ ಬೇಯಿಸಿ ಬಸಿದರೆ ಬೇಳೆ ಹೂರಣಕ್ಕೆ, ಕಟ್ಟು ಸಾರಿಗೆ. ಸಿಹಿಯ ಬೆನ್ನಿಗೇ ಹುಳಿ, ಖಾರ. ಮಾರನೇ ದಿನ ಕುದಿಸಿದಷ್ಟೂ ಆ ಸಾರಿಗೆ ರುಚಿ ಜಾಸ್ತಿ. ಬೇಳೆಯ ಜಾಗಕ್ಕೆ ಚಾಕಲೇಟ್ ಸ್ಪ್ರೆಡ್ ಬಂದ್ರೆ ಕಟ್ಟು ಎಲ್ಲಿಂದ ಬರಬೇಕು? ಎಲೆ ಮೇಲೆ ಬರೀ ಸಿಹಿ ಉಳಿಯುತ್ತೆ, ಅರ್ಧ ಹಬ್ಬದೂಟ ಕಾಣೆಯಾಗುತ್ತೆ.

ಪ್ರಯೋಗ ಖಂಡಿತ ಮಾಡಿ. ಮೊದಲು ಬೇಳೆ ಬೇಯಿಸಿ. ಆಮೇಲೆ ಹೂರಣಕ್ಕೆ ಕೋಕೋ ಬೆರೆಸ್ತೀರೋ, ಸಾರಿಗೆ ಥಾಯ್ ಅಡುಗೆಯವರ ಹಾಗೆ ಲೆಮನ್‌ಗ್ರಾಸ್ ಹಾಕ್ತೀರೋ, ನಿಮ್ಮಿಷ್ಟ. ಕಟ್ಟು ಮಾತ್ರ ಚೆಲ್ಲಬೇಡಿ.