‘ಪಕ್ಷಾಂತರ’ ಮತ್ತು ತಕ್ಕಡಿ: ಬೀಜಗಣಿತ ಬೋಧನೆಯ ಒಂದು ಪ್ರಶ್ನೆ
12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ದಲ್ಲಿ ಲೆಕ್ಕವನ್ನು ದಿನಬಳಕೆಯ ಜಗತ್ತಿನಲ್ಲಿ ನೆಲೆಗೊಳಿಸಿದನು. ಇಂದಿನ ಕನ್ನಡ ಮಾಧ್ಯಮದ ಬೀಜಗಣಿತ ಬೋಧನೆಯಲ್ಲಿ ಆ ನೆಲೆ ಸಡಿಲಗೊಂಡಿದೆ; ‘ಪಕ್ಷಾಂತರ’ವೆಂಬ ಪಾರಿಭಾಷಿಕವೇ ಸಾಕ್ಷಿ. (ಪತ್ರಿಕೆ ಓದುವವರಿಗೆ ಅದು ಶಾಸಕರನ್ನು ನೆನಪಿಸುವುದು ಬೇರೆ ಮಾತು.) ಪಕ್ಷ ಬದಲಾದರೆ ಚಿಹ್ನೆಯೂ ಬದಲು ಎಂಬ ಸೂತ್ರ ಉತ್ತರವನ್ನು ಕೊಡುತ್ತದೆ, ಕಾರಣವನ್ನು ಮುಚ್ಚುತ್ತದೆ. ಅಡಿಕೆ ಬೆಳೆಯುವ ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಆ ಕಾರಣವನ್ನು ತಕ್ಕಡಿಯೇ ತೋರಬಲ್ಲದು. ಸಮತೂಕದ ಎರಡು ಅಡಿಕೆ ಚೀಲಗಳೂ 10 ಕಿಲೋ ತೂಕದ ಕಲ್ಲೂ ಒಂದು ತಟ್ಟೆಯಲ್ಲಿ, 70 ಕಿಲೋ ಇನ್ನೊಂದರಲ್ಲಿ. ಎರಡೂ ಕಡೆ 10 ಇಳಿಸಿದರೆ ಚೀಲವೊಂದಕ್ಕೆ 30. ಯಾವುದೂ ಪಕ್ಷ ಬದಲಿಸಲಿಲ್ಲ. ಮನೆಯಲ್ಲಿ ಕೊಂಕಣಿಯನ್ನೋ ನವಾಯತಿಯನ್ನೋ ಆಡುವ ಮಗುವಿಗೆ ‘ಚರಾಕ್ಷರ’ಕ್ಕಿಂತ ಮೊದಲು ಈ ಚೀಲ ದಕ್ಕಬೇಕು. ಸಮಚಿಹ್ನೆಯನ್ನು ‘ಉತ್ತರ ಬರೆ’ ಎಂಬ ಆಜ್ಞೆಯಾಗಿ ಓದುವ ರೂಢಿಯನ್ನು ಶಿಕ್ಷಕರ ತರಬೇತಿ ಮೊದಲು ಬಿಡಿಸಬೇಕು. ಋಣಸಂಖ್ಯೆ ಎದುರಾದಾಗ ತಕ್ಕಡಿ ಸೋಲುತ್ತದೆ. ಆಗ ತೆರೆಯಬೇಕಾದದ್ದು ಅಂಗಡಿಯ ಸಾಲದ ಪುಸ್ತಕ.